ವಿನ್ನಿಪೆಗ್ ಚಳಿ: ಬಸ್ ಸ್ಟಾಪಿನ ಹನ್ನೆರಡು ನಿಮಿಷಕ್ಕೆ ತಯಾರಿ

ನಾನು ರಾಯಚೂರಿನವಳು. ನಮ್ಮೂರಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಆದರೂ ಯಾರೂ ಅದನ್ನು ದೊಡ್ಡ ಸುದ್ದಿ ಮಾಡುವುದಿಲ್ಲ. ಅಲ್ಲಿಂದ ಓದಲು ಬಂದದ್ದು ಕೆನಡಾದ ವಿನ್ನಿಪೆಗ್‌ಗೆ. ಇಲ್ಲಿ ಮೈನಸ್ 30 ಇದ್ದರೂ ಕ್ಲಾಸು ನಡೆಯುತ್ತದೆ, ಬಸ್ಸು ಓಡುತ್ತದೆ. ಹೊಸದಾಗಿ ಬರುವವರೆಲ್ಲ ಕೇಳುವುದು ಒಂದೇ: "ಅಕ್ಕಾ, ಅಷ್ಟು ಚಳಿ ಹೇಗೆ ತಡ್ಕೊಳ್ತೀರಿ?"

ಇಡೀ ದಿನ ತಡೆದುಕೊಳ್ಳಬೇಕಾಗಿಲ್ಲ. ಮನೆ, ಕ್ಲಾಸು, ಬಸ್ಸು ಎಲ್ಲ ಬೆಚ್ಚಗೇ ಇರುತ್ತವೆ. ಇಲ್ಲಿನ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಎಷ್ಟೋ ಕಟ್ಟಡಗಳ ನಡುವೆ ನೆಲದಡಿಯ ಸುರಂಗಗಳೇ ಇವೆ. ಚಳಿ ಇರುವುದು ಬಸ್ ಸ್ಟಾಪಿನಲ್ಲಿ ನಿಲ್ಲುವ ಹತ್ತು-ಹನ್ನೆರಡು ನಿಮಿಷದಲ್ಲಿ. ತಯಾರಿಯೆಲ್ಲ ಅದಕ್ಕೇ.

ಹೊರಡುವ ಮೊದಲು ಫೋನಿನಲ್ಲಿ ಡಿಗ್ರಿ ಮಾತ್ರ ನೋಡಬೇಡಿ, 'ವಿಂಡ್ ಚಿಲ್' ನೋಡಿ, ಅಂದರೆ ಗಾಳಿ ಸೇರಿ ಮೈಗೆ ಅನ್ನಿಸುವ ಚಳಿ. ಮೈನಸ್ 25 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಅದು ಮೈನಸ್ 39. ಅಂಥ ದಿನ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಬಸ್ಸು ತಡವಾದರೆ ಲೆಕ್ಕ ನೀವೇ ಹಾಕಿ.

ಬೆಂಗಳೂರಿನಿಂದ ದಪ್ಪ ಜಾಕೆಟ್ ಹೊತ್ತು ತರಬೇಡಿ. ನಾನು 6,000 ರೂಪಾಯಿ ಕೊಟ್ಟು ತಂದದ್ದು ಅಕ್ಟೋಬರಿಗೇ ಸೋತಿತು. ಥರ್ಮಲ್ (ಮೈಗಂಟುವ ಬೆಚ್ಚನೆಯ ಒಳಉಡುಪು) ಎರಡು ಜೊತೆ ತನ್ನಿ, ಸಾಕು. ಜಾಕೆಟ್, ಬೂಟು ಇಲ್ಲೇ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯವು ಸಿಗುತ್ತವೆ, ನಾಚಿಕೆ ಬೇಡ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲದರ ಮೇಲೆ ಗಾಳಿ ತಡೆಯುವ ಜಾಕೆಟ್. ಮೈಗಂಟಿದಂತೆ ಹತ್ತಿ ಬನಿಯನ್ ಬೇಡ. ಬಸ್ಸಿಗೆ ಓಡಿದಾಗ ಬಂದ ಬೆವರು ಅದರಲ್ಲೇ ಉಳಿದು, ನಿಂತಾಗ ಕೊರೆಯುತ್ತದೆ. ಬೂಟು ದಪ್ಪ ಕಾಲುಚೀಲ ಹಾಕಿಯೂ ಬೆರಳು ಆಡಿಸುವಷ್ಟು ಸಡಿಲ ಇರಲಿ. ಬಿಗಿಯಾದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಕೈಗೆ ಐದು ಬೆರಳಿನ ಗ್ಲೌಸಿಗಿಂತ ಮಿಟನ್ ಮೇಲು, ಅಂದರೆ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಗ್ಲೌಸು. ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಡಿಸೆಂಬರಿನಲ್ಲಿ ಬಸ್ಸು ಎಲ್ಲಿದೆ ಅಂತ ನೋಡಲು ಗ್ಲೌಸ್ ತೆಗೆದೆ. ಅವ್ವನ ಮೆಸೇಜು ಬಂದಿತ್ತು, "ಮಫ್ಲರ್ ಹಾಕ್ಕೊಂಡೀಯಿಲ್ಲೋ" ಅಂತ. ಉತ್ತರ ಬರೆಯುತ್ತಾ ನಿಂತೆ. 40 ಪರ್ಸೆಂಟ್ ಇದ್ದ ಫೋನು ಚಳಿಗೆ ಪಕ್ಕನೆ ಆರಿತು. ಬೆರಳ ತುದಿಗಳು ಬೆಳ್ಳಗಾಗಿ ಜೋಮು ಹಿಡಿದವು. ಮನೆಗೆ ಬಂದು ಬಿಸಿ ನಲ್ಲಿಯಡಿ ಹಿಡಿದೆ, ಅದು ಎರಡನೇ ತಪ್ಪು. ಜೋಮು ಹಿಡಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ. ಉಜ್ಜಲೂಬಾರದು. ಕೈ ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಸ್ಪರ್ಶ ಮರಳದಿದ್ದರೆ, ಗುಳ್ಳೆ ಎದ್ದರೆ, ಡಾಕ್ಟರ ಹತ್ತಿರ ಹೋಗಿ. ಫೋನು ಒಳಜೇಬಿನಲ್ಲಿ ಮೈಗೆ ಹತ್ತಿರ ಇರಲಿ. ತಲೆಸ್ನಾನ ಹಿಂದಿನ ರಾತ್ರಿಯೇ ಮುಗಿಸಿ. ಒದ್ದೆ ಕೂದಲು ಸ್ಟಾಪಿನಲ್ಲಿ ಕಡ್ಡಿಯಾಗುತ್ತದೆ.

ಬರ್ಫದ ಮೇಲೆ ನಡೆಯುವಾಗ ಹೆಜ್ಜೆ ಚಿಕ್ಕದಿರಲಿ, ಕೈ ಜೇಬಿನಿಂದ ಹೊರಗಿರಲಿ. ಬಿದ್ದರೆ ನಾಚಿಕೆ ಬೇಡ, ಎಲ್ಲರೂ ಬೀಳುತ್ತಾರೆ, ಯಾರೂ ನಗುವುದಿಲ್ಲ.

ಮನೆಯೊಳಗಿನ ತೊಂದರೆ ಚಳಿಯಲ್ಲ, ಒಣಹವೆ. ತುಟಿ ಒಡೆಯುತ್ತದೆ, ಕೆಲವರಿಗೆ ಮೂಗಿನಿಂದ ರಕ್ತವೂ ಬರುತ್ತದೆ. ವ್ಯಾಸಲಿನ್ ಹಚ್ಚಿ. ಊರಿಂದ ತಂದ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಇಲ್ಲಿ ಚಳಿಗಾಲವಿಡೀ ಹಾಗೇ. ಅಗಲ ಬಾಯಿಯ ಡಬ್ಬಿಗೆ ಹಾಕಿಡಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಅದು ಮನಸ್ಸಿಗೆ ಭಾರ. ಮಧ್ಯಾಹ್ನ ಬಿಸಿಲಿದ್ದರೆ ಕಾಲು ಗಂಟೆಯಾದರೂ ಹೊರಗೆ ನಡೆಯಿರಿ.

ಇನ್ನು ದೋಸೆ. ಅಡುಗೆಮನೆಯಲ್ಲಿ ಹಿಟ್ಟು ಎರಡು ದಿನ ಇಟ್ಟರೂ ಉಬ್ಬದು. ಓವನ್ನಿನ ದೀಪ ಮಾತ್ರ ಹಾಕಿ, ಪಾತ್ರೆಯನ್ನು ರಾತ್ರಿ ಒಳಗಿಡಿ. ಬಾಗಿಲಿಗೆ ದೊಡ್ಡ ಅಕ್ಷರದ ಚೀಟಿ ಅಂಟಿಸಿ. ನಾನು ಅಂಟಿಸಿರಲಿಲ್ಲ. ರೂಮ್‌ಮೇಟ್ ಪಿಜ್ಜಾ ಮಾಡಲು ಓವನ್ ಹಚ್ಚಿದಳು, ಹಿಟ್ಟಿದ್ದದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ.