ಮೂರು ಕಂಪ್ಯೂಟರಿನ ಅಂಗಡಿಗೆ ಬೀಗ ಬಿದ್ದಾಗ

2022ರ ಜೂನ್ ತಿಂಗಳು. ಕಾಲೇಜು ಅಡ್ಮಿಷನ್ನಿನ ಸುಗ್ಗಿ. ಜಾತಿ-ಆದಾಯಕ್ಕೆ, 371ಜೆ ಸರ್ಟಿಫಿಕೇಟಿಗೆ ಅರ್ಜಿ ಹಾಕಿಸಲು ಗಂಗಾವತಿಯ ನಮ್ಮ ಝೆರಾಕ್ಸ್ ಅಂಗಡಿ ಮುಂದೆ ಒಂಬತ್ತಕ್ಕೇ ಏಳೆಂಟು ಹುಡುಗರು ನಿಂತಿದ್ದರು. ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಮೊದಲನೇ ಕಂಪ್ಯೂಟರ್ ಆನ್ ಮಾಡಿದೆ. ಡೆಸ್ಕ್‌ಟಾಪ್ ಮೇಲಿದ್ದ ಫೋಟೊ, ಪಿಡಿಎಫ್, ಮದುವೆ ಕಾರ್ಡು ಎಲ್ಲದರ ಗುರುತೂ ಅಳಿಸಿ ಹೋಗಿ ಬರೀ ಬಿಳಿ ಹಾಳೆಗಳ ಸಾಲು. ಪ್ರತಿ ಫೈಲಿನ ಹೆಸರಿಗೂ ಅರ್ಥವಿಲ್ಲದ ನಾಲ್ಕಕ್ಷರದ ಬಾಲ. ಯಾವುದನ್ನು ಒತ್ತಿದರೂ ತೆರೆಯದು. ತೆರೆದದ್ದು ಒಂದೇ, ಪ್ರತಿ ಫೋಲ್ಡರಿನಲ್ಲೂ ಯಾರೋ ಇಟ್ಟುಹೋಗಿದ್ದ ‘ರೀಡ್‌ಮಿ’ ಎಂಬ ಚೀಟಿ.

ಅದರಲ್ಲಿದ್ದ ವ್ಯವಹಾರ ಸ್ಪಷ್ಟ. ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿಗೆ 980 ಡಾಲರ್. 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490. ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 38 ಸಾವಿರ ರೂಪಾಯಿ. ನಂಬಿಕೆಗಾಗಿ ಒಂದು ಫೈಲನ್ನು ಪುಕ್ಕಟೆ ಬಿಡಿಸಿ ಕೊಡುತ್ತಾರಂತೆ. ಅಕ್ಕಿ ವ್ಯಾಪಾರದವರು ಅಂಗೈ ಮೇಲೆ ಸ್ಯಾಂಪಲ್ ಸುರಿದು ತೋರಿಸುತ್ತಾರಲ್ಲ, ಹಾಗೆ. ಹೀಗೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿಗೆ ರಾನ್ಸಮ್‌ವೇರ್ ಅನ್ನುತ್ತಾರೆ.

ಕೈಗೆ ಸಿಕ್ಕ ನೆಟ್‌ವರ್ಕ್ ವೈರನ್ನು ಕಿತ್ತೆ. ಆ ದಿನ ನಾನು ಮಾಡಿದ ಶಾಣ್ಯಾತನ ಅದೊಂದೇ. ಅಷ್ಟರಲ್ಲಿ ಎರಡನೇ ಕಂಪ್ಯೂಟರಿನಲ್ಲಿ ಎಲ್ಲರಿಗೂ ಹಂಚಿಕೊಂಡಿದ್ದ ಫೋಲ್ಡರಿಗೂ ಬೀಗ ಬಿದ್ದಿತ್ತು. ಅದರಲ್ಲಿದ್ದದ್ದು ನಾನು ಸಂಜೆ ಹೊತ್ತು ಬರೆಯುವ ರೈಸ್ ಮಿಲ್ಲಿನ ಲೆಕ್ಕ. ಮೂರನೆಯದು ಹಿಂದಿನ ದಿನವಿಡೀ ಆಫ್ ಇತ್ತು, ಬದುಕಿತು.

ಮಿಲ್ಲಿನ ಸಾಹುಕಾರ್ರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಕಳ್ಳ ಬಂದು ಬೀಗ ಒಡ್ಯಾದು ಕೇಳೀನಪ, ಬೀಗ ಹಾಕಿ ಹೋಗಾದು ಈಗ ಕೇಳಾಕತ್ತೀನಿ.”

ಬಾಗಿಲು ತೆಗೆದು ಕೊಟ್ಟವನು ನಾನೇ ಎಂದು ಅವತ್ತು ಅವರಿಗೆ ಹೇಳಲಿಲ್ಲ. ಹಿಂದಿನ ಸಂಜೆ ಒಂದು ಮದುವೆ ಕಾರ್ಡಿನ ಅರ್ಜೆಂಟ್ ಕೆಲಸ ಬಂದಿತ್ತು. ಡಿಸೈನ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬೇಕಿತ್ತು, ದುಡ್ಡು ಕೊಡುವ ಮನಸ್ಸಿರಲಿಲ್ಲ. ಹುಡುಕಿ ಕ್ರ್ಯಾಕ್, ಅಂದರೆ ಲೈಸೆನ್ಸ್ ಮುರಿದ ಕಳ್ಳಪ್ರತಿ, ಇಳಿಸಿಕೊಂಡೆ. ಜೊತೆಗಿದ್ದ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’. ನಾನು ಮಾಡಿದೆ. ಒತ್ತಿದ ಕೂಡಲೇ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬ ಕಿಟಕಿ ಬಂತು, ಪಟ್ಟಿ ನಿಧಾನಕ್ಕೆ ತುಂಬುತ್ತಿತ್ತು. ಆಗಲಿ ಬಿಡು ಎಂದು ಎದುರಿನ ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಚಹಾ ಕುಡಿದು, ವಾಪಸ್ ಬಂದು ಶಟರ್ ಎಳೆದು ಮನೆಗೆ ಹೋದೆ. ಆ ಅಪ್‌ಡೇಟೇ ಸುಳ್ಳು. ನಾನು ಮಿರ್ಚಿ ತಿನ್ನುತ್ತಿದ್ದಾಗ ಅದು ಒಂದೊಂದೇ ಫೈಲಿಗೆ ಬೀಗ ಹಾಕುತ್ತಿತ್ತು.

ಈ ವೈರಸ್ಸಿನ ಹೆಸರು ಸ್ಟಾಪ್, ಡಿಜೆವಿಯು ಅಂತಲೂ ಕರೆಯುತ್ತಾರೆ. ದೊಡ್ಡ ಕಂಪನಿಗಳ ಹಿಂದೆ ಬೀಳುವ ಜಾತಿಯಲ್ಲ. ಕ್ರ್ಯಾಕ್ ಹುಡುಕುವ ನನ್ನಂಥವರೇ ಅದರ ಗಿರಾಕಿಗಳು. ಯಾರೋ ಹ್ಯಾಕರ್ ಕೂತು ಗಂಗಾವತಿಯ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ ಅಂತ ಮೊದಮೊದಲು ನನಗೇ ಒಂಥರಾ ಹೆಮ್ಮೆಯ ಕಲ್ಪನೆಯಿತ್ತು. ಅಂಥದ್ದೇನೂ ಇಲ್ಲ. ಬಲೆ ಹಾಸಿಟ್ಟಿದ್ದರು, ನಾನೇ ನಡೆದು ಹೋಗಿ ಬಿದ್ದೆ.

“ಬ್ಯಾಕಪ್ ಇರಲಿಲ್ಲೇನು?” ಎಂದು ಎಲ್ಲರೂ ಕೇಳಿದರು. ಇತ್ತು! ಒಂದು ಟಿಬಿಯ ಎಕ್ಸ್‌ಟರ್ನಲ್ ಡಿಸ್ಕು, ಎರಡು ವರ್ಷದಿಂದ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡೇ ಇತ್ತು. ಅದಕ್ಕೂ ನಾಲ್ಕಕ್ಷರದ ಬಾಲ ಬಂದಿತ್ತು. ಸದಾ ಚುಚ್ಚಿಟ್ಟ ಡಿಸ್ಕು ಬ್ಯಾಕಪ್ ಅಲ್ಲ, ಅದೇ ಕಂಪ್ಯೂಟರಿನ ಇನ್ನೊಂದು ಕೋಣೆ. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು ನೋಡಿದೆ. ಈ ಜಾತಿ ಮೊದಲು ಅಳಿಸುವುದೇ ಅವನ್ನು. ಆಂಟಿವೈರಸ್ ಕಂಪನಿಗಳ ತಾಣ ತೆರೆಯಲು ಹೋದರೆ ಆ ಕಂಪ್ಯೂಟರಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಹೋಸ್ಟ್ಸ್ ಎಂಬ ಫೈಲಿನಲ್ಲಿ ಅವುಗಳ ವಿಳಾಸ ತಿರುಚಿ ದಾರಿ ಮುಚ್ಚಿತ್ತು. ಫೋನಿನಲ್ಲಿ ಓದಿಕೊಂಡು ಕೆಲಸ ಮಾಡಬೇಕಾಯಿತು.

ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಮತ್ತು ಎರಡು ಆಂಟಿವೈರಸ್ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ಎಂಬ ತಾಣವಿದೆ. ಬೀಗದ ಜಾತಿ ಯಾವುದು, ಪುಕ್ಕಟೆ ಕೀಲಿ ಸಿಕ್ಕೀತೇ ಎಂದು ಅಲ್ಲಿ ನೋಡಬಹುದು. ನನ್ನ ಜಾತಿಗೆ ಎಮ್ಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿಯವರು 2019ರಲ್ಲೇ ಬಿಡಿಸುವ ಸಾಧನ ಹೊರತಂದಿದ್ದರು. ಆದರೆ ಒಂದು ಷರತ್ತು. ಬೀಗ ಬೀಳುವ ಹೊತ್ತಿಗೆ ಇಂಟರ್ನೆಟ್ ಇಲ್ಲದಿದ್ದರೆ ವೈರಸ್ಸು ತನ್ನೊಳಗೇ ಇರುವ ಒಂದೇ ಕೀಲಿಯನ್ನು ಎಲ್ಲರಿಗೂ ಬಳಸುತ್ತದೆ, ಅಂಥವರ ಚೀಟಿಯಲ್ಲಿರುವ ಗುರುತಿನ ಸಂಖ್ಯೆಯ (ಐಡಿ) ಕೊನೆಗೆ ‘ಟಿ1’ ಎಂದಿರುತ್ತದೆ. ಆ ಕೀಲಿ ಯಾರಿಂದಲಾದರೂ ಸಿಕ್ಕರೆ ಎಲ್ಲರದ್ದೂ ತೆರೆದುಕೊಳ್ಳುತ್ತದೆ. ಇಂಟರ್ನೆಟ್ ಇದ್ದರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಕೀಲಿ. ಚೀಟಿಯ ಕೆಳಗಿದ್ದ ಉದ್ದನೆಯ ಐಡಿಯನ್ನು ಬೆರಳಿಟ್ಟು ಓದುತ್ತಾ ಹೋದೆ. ಕೊನೆಯ ಎರಡಕ್ಷರ ಟಿ1 ಆಗಿರಲಿಲ್ಲ. ಹೊಸ ಫೈಬರ್ ಕನೆಕ್ಷನ್ ಹಾಕಿಸಿ ಆಗಿನ್ನೂ ತಿಂಗಳಾಗಿತ್ತು.

ಅಲ್ಲಿಂದ ಮುಂದೆ ಚೂರುಪಾರು ಆಯ್ದುಕೊಂಡದ್ದು. ಈ ವೈರಸ್ಸಿಗೆ ಅವಸರ ಜಾಸ್ತಿ; ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹಲವು ಫೈಲು ಗಂಟು ಕಟ್ಟಿದ ದೊಡ್ಡ ಜಿಪ್ ಫೈಲುಗಳ ಹೆಸರಿನ ಬಾಲ ಕತ್ತರಿಸಿ, ಗಂಟು ಬಿಚ್ಚುವ ಸೆವೆನ್‌ಜಿಪ್‌ನಲ್ಲಿ ತೆರೆದರೆ ಒಳಗಿನ ಮೊದಲ ಫೈಲು ಹೋಗಿತ್ತು, ಉಳಿದವು ಬಂದವು. ಸಣ್ಣ ವರ್ಡ್ ಫೈಲು, ಪಿಡಿಎಫ್ ಎಲ್ಲ ಪೂರ್ತಿ ಹಾಳು. ಮಿಲ್ಲಿನ ಲೆಕ್ಕವನ್ನು ಉಳಿಸಿದ್ದು ಆಡಿಟರ್ ಆಫೀಸಿನ ಡ್ರಾಯರಿನಲ್ಲಿ ಮರೆತು ಬಿದ್ದಿದ್ದ ಪೆನ್‌ಡ್ರೈವ್. ಮಾರ್ಚ್ 31ರವರೆಗಿನದು ಅದರಲ್ಲಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ, ಅಂದರೆ ಬೇಸಿಗೆ ಭತ್ತ ಮಿಲ್ಲಿಗೆ ಬಂದು ಬೀಳುವ ಕಾಲದ್ದು, ತೂಕದ ಚೀಟಿ, ಲಾರಿ ಬಾಡಿಗೆ ರಸೀದಿ, ಹಮಾಲರ ಪುಸ್ತಕ ಹರವಿಕೊಂಡು ಹನ್ನೊಂದು ರಾತ್ರಿ ಮತ್ತೆ ಬರೆದೆ. ದುಡ್ಡು ಕಟ್ಟಲಿಲ್ಲ. ಕಟ್ಟಿದರೂ ಕೀಲಿ ಬರುತ್ತದೆಂಬ ಖಾತ್ರಿಯಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿದೆ.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಇಂಥ ವೈರಸ್ಸು ಬೀಗದ ಜೊತೆಗೆ ಪಾಸ್‌ವರ್ಡ್ ಕದಿಯುವ ಇನ್ನೊಬ್ಬ ಕಳ್ಳನನ್ನೂ ಕರೆತರುವುದುಂಟು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೆಲ್ಲ ಅವನ ಪಾಲು. ನನ್ನ ಪಾಸ್‌ವರ್ಡೋ, ಎಲ್ಲ ಕಡೆಗೂ ಅಂಗಡಿಯ ಹೆಸರು, ಮುಂದೆ 123. ಬ್ಯಾಂಕು, ಇಮೇಲು, ಮಿಲ್ಲಿನ ಜಿಎಸ್‌ಟಿ ಲಾಗಿನ್ ಎಲ್ಲವನ್ನೂ ಹೆಂಡತಿಯ ಫೋನಿನಿಂದ, ಮೊಬೈಲ್ ಡೇಟಾದಲ್ಲಿ ಕೂತು ಬದಲಿಸಿದೆ. ಆ ಕಂಪ್ಯೂಟರಿನಲ್ಲೇ ಕೂತು ಬದಲಿಸಿದ್ದರೆ ಹೊಸದನ್ನೂ ಕಳ್ಳನ ಕೈಗೇ ಕೊಟ್ಟಂತಾಗುತ್ತಿತ್ತು. ಈಗ ಒಂದೊಂದು ಖಾತೆಗೂ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದ ಉದ್ದನೆಯ ಪಾಸ್‌ವರ್ಡ್, ಹುಣಸೆ-ಟ್ರ್ಯಾಕ್ಟರ್-ಗುಬ್ಬಿ-ಮಂಗಳವಾರ ಇದ್ದ ಹಾಗೆ. ಬರೆದಿಟ್ಟುಕೊಳ್ಳುವುದು ಮನೆಯ ಟ್ರಂಕಿನಲ್ಲಿರುವ ಒಂದು ನೋಟ್‌ಬುಕ್ಕಿನಲ್ಲಿ. ಕಾಗದದಲ್ಲಿ ಬರೆಯಬಾರದು ಅಂತ ಕೆಲವರು ನಗುತ್ತಾರೆ. ನಮ್ಮ ಟ್ರಂಕನ್ನು ಒಡೆಯಲು ಕಳ್ಳ ಗಂಗಾವತಿಗೇ ಬರಬೇಕಲ್ಲ. ಅದರ ಮೇಲೆ ಇಮೇಲಿಗೂ ವಾಟ್ಸಾಪಿಗೂ ಎರಡು ಹಂತದ ಪರಿಶೀಲನೆ ಹಾಕಿದ್ದೇನೆ.

ಮಷಿನ್ನುಗಳನ್ನು ಸರಿಮಾಡಿದ್ದು ಹೀಗೆ. ಕೆಟ್ಟ ಡಿಸ್ಕನ್ನು ಬಿಚ್ಚಿ ಬದಿಗಿಟ್ಟು, ಹೊಸದು ಹಾಕಿ, ಮೈಕ್ರೋಸಾಫ್ಟ್‌ನ ತಾಣದಿಂದಲೇ ಇಳಿಸಿದ ವಿಂಡೋಸ್ ಹಾಕಿಕೊಂಡೆ. ಇಳಿಸಿದ್ದು ಗೆಳೆಯನ ಕಂಪ್ಯೂಟರಿನಲ್ಲಿ. ಲೈಸೆನ್ಸ್ ದುಡ್ಡು ಕೊಟ್ಟೇ ತಗೊಂಡೆ. ಡಿಸೈನಿಗೆ ಇಂಕ್‌ಸ್ಕೇಪ್, ಫೋಟೊಗೆ ಜಿಂಪ್, ಪತ್ರ ಬರೆಯಲು ಲಿಬ್ರೆ ಆಫೀಸ್, ಮೂರೂ ಪುಕ್ಕಟೆ, ಮೂರೂ ನ್ಯಾಯದ ದಾರಿಯವು. ಇಂಕ್‌ಸ್ಕೇಪಿಗೆ ಕೈ ಕೂಡಲು ಎರಡು ತಿಂಗಳು ಬೇಕಾಯಿತು, ಸುಳ್ಳು ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಪಾಡಿದ ಬದಲಾವಣೆಗೆ ಐದು ನಿಮಿಷ ಸಾಕಾಯಿತು. ಮೊದಲು ನಾನೂ ಅಂಗಡಿಯ ಹುಡುಗನೂ ಎಲ್ಲ ಅಧಿಕಾರವಿರುವ ಅಡ್ಮಿನ್ ಖಾತೆಯಲ್ಲೇ ಕೂರುತ್ತಿದ್ದೆವು. ಈಗ ಅಡ್ಮಿನ್ ಖಾತೆ ಬೇರೆ, ಅದರ ಪಾಸ್‌ವರ್ಡ್ ನನಗೊಬ್ಬನಿಗೆ ಗೊತ್ತು. ದಿನದ ಕೆಲಸ ಸಾಮಾನ್ಯ ಖಾತೆಯಲ್ಲಿ. ಏನಾದರೂ ಇನ್‌ಸ್ಟಾಲ್ ಆಗಲು ಹೊರಟರೆ ಪರದೆ ಮಬ್ಬಾಗಿ ಪಾಸ್‌ವರ್ಡ್ ಕೇಳುತ್ತದೆ. ಹುಡುಗ ನನಗೆ ಫೋನ್ ಮಾಡುತ್ತಾನೆ: “ಅಣ್ಣಾ, ಏನೋ ಕೇಳಾಕತ್ತೈತಿ.” ನಾನು “ಇಲ್ಲ ಅನ್ನು” ಎನ್ನುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಅದೇ. ಸಾಮಾನ್ಯ ಖಾತೆಯಲ್ಲಿದ್ದರೂ ಆ ಖಾತೆಯ ಫೈಲುಗಳಿಗೆ ಬೀಗ ಬೀಳಬಹುದು, ಆದರೆ ಮಷಿನ್ನಿನ ಬೇರಿಗೆ ಕೈ ಹಾಕುವುದು ಕಷ್ಟ.

ಎರಡನೆಯದು, ಫೈಲಿನ ಹೆಸರಿನ ಬಾಲ ಕಾಣುವಂತೆ ಮಾಡಿದ್ದು. ವಿಂಡೋಸ್ ಅದನ್ನು ಮೊದಲಿನಿಂದಲೇ ಮುಚ್ಚಿಟ್ಟಿರುತ್ತದೆ. ‘ಬಿಲ್ ಡಾಟ್ ಪಿಡಿಎಫ್’ ಎಂದು ಕಾಣುವುದರ ನಿಜವಾದ ಹೆಸರು ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ’ ಇರಬಹುದು. ಕೊನೆಯ ಮೂರಕ್ಷರ ಕಂಡರೆ ಅದು ಬಿಲ್ಲಲ್ಲ, ಓಡಲು ಕಾದಿರುವ ಪ್ರೋಗ್ರಾಂ. ಮದುವೆ ಆಮಂತ್ರಣ ಎಂದು ವಾಟ್ಸಾಪಿಗೆ ಬರುವ ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್ ಹಾಕುವ, ಫೈಲುಗಳದ್ದೂ ಇದೇ ನಾಟಕ. ಆಮಂತ್ರಣ ಚಿತ್ರವಾಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ.

ಆಂಟಿವೈರಸ್ ಎಂದು ಬೇರೆ ಕೊಂಡಿಲ್ಲ. ವಿಂಡೋಸ್ ಜೊತೆ ಬರುವ ಡಿಫೆಂಡರನ್ನು ಆಫ್ ಮಾಡದಿದ್ದರೆ ನನ್ನಂಥ ಅಂಗಡಿಗೆ ಅದೇ ಸಾಕು. ಅದರೊಳಗೆ ರಾನ್ಸಮ್‌ವೇರ್ ತಡೆ ಎಂದೊಂದಿದೆ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಮುಟ್ಟಲು ಬಿಡುವುದಿಲ್ಲ. ಮೊದಲ ದಿನವೇ ಅದು ಲೆಕ್ಕದ ಸಾಫ್ಟ್‌ವೇರನ್ನೇ ಹಿಡಿದು ನಿಲ್ಲಿಸಿತು. ಸಿಟ್ಟು ಬಂದು ಆಫ್ ಮಾಡುವವನಿದ್ದೆ. ಅನುಮತಿ ಪಟ್ಟಿಗೆ ಸೇರಿಸಿದೆ, ಸುಮ್ಮನಾಯಿತು. ಅಪ್‌ಡೇಟನ್ನು ರಾತ್ರಿ ಬಿಟ್ಟು ಹೋಗುತ್ತೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಲೋಕವನ್ನೆಲ್ಲ ನಡುಗಿಸಿದಾಗ ಅದಕ್ಕೆ ಬೇಕಾದ ತೇಪೆ ಎರಡು ತಿಂಗಳ ಮೊದಲೇ ಬಂದಿತ್ತು, ಹಾಕಿಕೊಳ್ಳದವರೇ ಸಿಕ್ಕಿಬಿದ್ದದ್ದು. ನುಡಿ ತಂತ್ರಾಂಶ ಬೇಕಾದರೆ ಕನ್ನಡ ಗಣಕ ಪರಿಷತ್ತಿನ ತಾಣಕ್ಕೇ ಹೋಗುತ್ತೇನೆ. ಹುಡುಕಾಟದಲ್ಲಿ ಸಿಗುವ, ಒಂದೇ ಪುಟದಲ್ಲಿ ಮೂರು ಹಸಿರು ಡೌನ್‌ಲೋಡ್ ಗುಂಡಿಗಳಿರುವ ಕಡೆಗೆ ಹೋಗುವುದಿಲ್ಲ.

ಪೆನ್‌ಡ್ರೈವ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಅಂಗಡಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಪೆನ್‌ಡ್ರೈವ್ ಬರುತ್ತವೆ. ಕಾರಟಗಿ ಕಡೆಯ ಒಬ್ಬ ಹುಡುಗ ಬಂದು, “ಅಣ್ಣಾ, ಫೋಲ್ಡರ್ ಐತಿ, ಒತ್ತಿದ್ರ ಒಳಗಿಂದೂ ಕಾಣ್ತೈತಿ, ಆದ್ರ ಮೊಬೈಲಿಗೆ ಹಾಕಿದ್ರ ಏನೂ ಇಲ್ಲ” ಅಂದ. ಫೋಲ್ಡರಿನ ಮೂಲೆಯಲ್ಲಿ ಸಣ್ಣ ಬಾಗಿದ ಬಾಣ. ಶಾರ್ಟ್‌ಕಟ್ ವೈರಸ್. ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ನಿಮ್ಮ ಫೋಲ್ಡರೂ ತೆರೆಯುತ್ತದೆ. ಕೆಲಸ ಆಯಿತಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಬಚ್ಚಿಟ್ಟದ್ದನ್ನು ಹೊರತೆಗೆಯಲು ಕಮಾಂಡ್ ಕಿಟಕಿಯಲ್ಲಿ ‘ಆಟ್ರಿಬ್’ ಆದೇಶ ಕೊಟ್ಟು, ಮೈನಸ್ ಎಚ್, ಮೈನಸ್ ಎಸ್ ಎಂದು ಬರೆದರೆ ಮರೆಮಾಚಿದ ಗುರುತು ಅಳಿಸಿ ಫೋಲ್ಡರ್ ಮೇಲೇಳುತ್ತದೆ. ಶಾರ್ಟ್‌ಕಟ್‌ಗಳನ್ನು ಅಳಿಸಿ ಹುಡುಗನಿಗೆ ಕೊಟ್ಟೆ. ಮನೆಯ ಕಂಪ್ಯೂಟರ್ ತೊಳೆಯದಿದ್ದರೆ ನಾಳೆ ಮತ್ತೆ ಬರುತ್ತೀ ಅಂದೆ. ಬಂದ ಕೂಡಾ.

ಅದಕ್ಕೇ ಬದುಕುಳಿದಿದ್ದ ಆ ಮೂರನೇ ಹಳೇ ಮಷಿನ್ನಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿ ಬಾಗಿಲ ಬಳಿ ಇಟ್ಟಿದ್ದೇನೆ. ಹೊರಗಿನ ಪೆನ್‌ಡ್ರೈವ್ ಏನಿದ್ದರೂ ಮೊದಲು ಅದಕ್ಕೆ. ವಿಂಡೋಸಿಗೆಂದು ಬರೆದ ವೈರಸ್ ಅಲ್ಲಿ ಓಡುವುದಿಲ್ಲ. ಬೇಕಾದ ಪಿಡಿಎಫ್ ಒಂದನ್ನೇ ಅಲ್ಲಿಂದ ಪ್ರಿಂಟ್ ಕೊಡುತ್ತೇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ, 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ಚಿಪ್ ಇಲ್ಲದ ಇನ್ನೊಂದು ಮಷಿನ್ನೂ ಮಿಂಟಿಗೆ ಹೋಯಿತು.

ಗಿರಾಕಿಗಳ ಕಾಗದಪತ್ರದ ಬಗ್ಗೆ ಆ ಘಟನೆಯ ನಂತರ ನಿದ್ದೆ ಬರಲಿಲ್ಲ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಊರ ಮಂದಿಯ ಆಧಾರ್, ಪಹಣಿ, ಪಾಸ್‌ಬುಕ್ ಬಿದ್ದಿದ್ದವು. ನನಗೆ ಬೀಗ ಬಿತ್ತು, ಅಷ್ಟೇ. ಅವೆಲ್ಲ ಕಳವಾಗಿದ್ದರೆ ಯಾರ ಮನೆ ಬಾಗಿಲಿಗೆ ಹೋಗಿ ಏನು ಹೇಳುವುದು? ಈಗ ಸಂಜೆ ಅಂಗಡಿ ಮುಚ್ಚುವ ಮೊದಲು ಆ ಫೋಲ್ಡರ್ ಖಾಲಿ, ರಿಸೈಕಲ್ ಬಿನ್ನೂ ಖಾಲಿ. ಗಿರಾಕಿ ತನ್ನ ಇಮೇಲ್ ತೆರೆಯಬೇಕಾದರೆ ಬ್ರೌಸರಿನ ಗೆಸ್ಟ್ ಕಿಟಕಿ, ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ. ವಾಟ್ಸಾಪ್ ವೆಬ್ಬಿನಿಂದ ಹೊರಬಂದರೋ ಇಲ್ಲವೋ ಎಂದು ಅವರ ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲೇ ತೋರಿಸಿ ಕಳಿಸುತ್ತೇವೆ. ದುಡ್ಡು ಹೋಯಿತು ಎಂದು ಯಾರಾದರೂ ಓಡಿ ಬಂದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿಸಿ, ಆಮೇಲೆ ಕಥೆ ಕೇಳುತ್ತೇನೆ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ದುಡ್ಡನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬ್ಯಾಕಪ್ಪಿಗೆ ಈಗ ಎರಡು ಡಿಸ್ಕು, ಒಂದರ ಮೇಲೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ. ಶನಿವಾರ ರಾತ್ರಿ ಒಂದನ್ನು ಚುಚ್ಚಿ, ಕಾಪಿ ಮಾಡಿ, ಬಿಚ್ಚಿ ಮಿಲ್ಲಿನ ಬೀರುವಿಗೆ ಒಯ್ಯುತ್ತೇನೆ. ಮುಂದಿನ ವಾರ ಇನ್ನೊಂದರ ಸರದಿ. ಎರಡೂ ಒಟ್ಟಿಗೆ ಅಂಗಡಿಯಲ್ಲಿರುವುದಿಲ್ಲ. ತಿಂಗಳಿಗೊಮ್ಮೆ ಅದರಿಂದ ಯಾವುದಾದರೂ ನಾಲ್ಕು ಫೈಲು ತೆಗೆದು ತೆರೆದು ನೋಡುತ್ತೇನೆ. ಒಮ್ಮೆ ಕೆಂಪು ಡಿಸ್ಕಿನ ಕೇಬಲ್ ಸಡಿಲಾಗಿ ಮೂರು ವಾರ ಅರ್ಧಂಬರ್ಧ ಕಾಪಿ ಆಗಿದ್ದು ಹಾಗೇ ಸಿಕ್ಕಿತು.

ಬೀಗ ಬಿದ್ದ ಹಳೇ ಡಿಸ್ಕನ್ನು ಎಸೆದಿಲ್ಲ. ಪೇಪರಿನಲ್ಲಿ ಸುತ್ತಿ, ಮೇಲೆ ಮಾರ್ಕರಿನಲ್ಲಿ ‘ಜೂನ್ 2022’ ಎಂದು ಬರೆದು ಅದೇ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ. ಯಾವತ್ತಾದರೂ ಪೊಲೀಸರಿಗೆ ಕೀಲಿಗಳು ಸಿಕ್ಕಾವು ಎಂಬ ಆಸೆ. ಸಾಹುಕಾರ್ರಿಗೆ ಬೀರುವಿನ ಖಾನೆ ಸುಮ್ಮನೆ ತುಂಬಿದ್ದು ಹಿಡಿಸುವುದಿಲ್ಲ. ಆದರೂ ಶನಿವಾರ ಎಂಟು ಗಂಟೆಗೆ ನಾನು ಮಿಲ್ಲಿನ ಕಡೆ ಬಾರದಿದ್ದರೆ ಅವರದ್ದೇ ಫೋನು: “ಡಬ್ಬಿ ಎಲ್ಲೈತಪ, ಇನ್ನೂ ಚುಚ್ಚಿಗೊಂಡೇ ಕುಂತೀಯೇನು?”