ಸ್ವಾಧೀನದ ಸಾಲ, ಹಿಂಜರಿತದ ಕಾಲ: ಬಂಡವಾಳವನ್ನು ಮರುಹೊಂದಿಸುವುದು ಹೇಗೆ?

ಟಾಟಾ ಮೋಟಾರ್ಸ್ 2008ರ ಜೂನ್‌ನಲ್ಲಿ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಸುಮಾರು 230 ಕೋಟಿ ಡಾಲರ್‌ಗೆ ಕೊಂಡಿತು. ಇದಕ್ಕಾಗಿ ಪಡೆದ 300 ಕೋಟಿ ಡಾಲರ್‌ಗಳ ಬ್ರಿಡ್ಜ್ ಸಾಲವನ್ನು (ಶಾಶ್ವತ ಬಂಡವಾಳ ಸಿಗುವವರೆಗಿನ ತಾತ್ಕಾಲಿಕ ಸಾಲ) ಸುಮಾರು 15 ತಿಂಗಳಲ್ಲಿ ತೀರಿಸಬೇಕಿತ್ತು. ಅದೇ ವರ್ಷದ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯೆದ್ದಿತು. ಕಾರುಗಳ ಮಾರಾಟ ಕುಸಿಯಿತು, ಬ್ಯಾಂಕುಗಳು ಕೈ ಬಿಗಿ ಮಾಡಿದವು. ಇಂಥ ಇಕ್ಕಟ್ಟಿನಿಂದ ಹೊರಬರುವ ಕ್ರಮವನ್ನು ಈ ಪ್ರಕರಣವನ್ನೇ ಎದುರಿಗಿಟ್ಟುಕೊಂಡು ನೋಡೋಣ.

ಮೊದಲಿಗೆ ಪ್ರತಿಯೊಂದು ಸಾಲದ ಬಾಕಿ ಎಷ್ಟು, ಅದು ಯಾವ ಕರೆನ್ಸಿಯಲ್ಲಿದೆ, ಯಾವ ತಿಂಗಳು ತೀರಬೇಕು, ಅದಕ್ಕೆ ಖಾತರಿ ಕೊಟ್ಟವರು ಯಾರು ಎಂಬುದನ್ನು ಒಂದೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಸಾಲದ ಮೊತ್ತಕ್ಕಿಂತ ಮರುಪಾವತಿಯ ದಿನಾಂಕವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ದಶಕಗಳ ಕಾಲ ದುಡಿಯಬೇಕಾದ ಕಾರ್ಖಾನೆಗಳನ್ನು ಒಂದೂಕಾಲು ವರ್ಷದ ಸಾಲದಿಂದ ಕೊಂಡಾಗ, ವ್ಯಾಪಾರ ಚೆನ್ನಾಗಿದ್ದರೂ ಹಣದ ಮಾರುಕಟ್ಟೆ ಮುಚ್ಚಿಕೊಂಡರೆ ಕಂಪನಿ ಸಿಕ್ಕಿಬೀಳುತ್ತದೆ.

ಎರಡನೆಯದಾಗಿ, ಹಾಲಿ ಷೇರುದಾರರಿಂದಲೇ ಬಂಡವಾಳ ಕೇಳಬೇಕು. ಟಾಟಾ ಮೋಟಾರ್ಸ್ 2008ರ ಸೆಪ್ಟೆಂಬರ್ ಕೊನೆಯಲ್ಲಿ ಸುಮಾರು 4,150 ಕೋಟಿ ರೂಪಾಯಿಗಳ ಹಕ್ಕಿನ ಷೇರು ನೀಡಿಕೆಯನ್ನು, ಅಂದರೆ ಹಾಲಿ ಷೇರುದಾರರಿಗೇ ಮೊದಲು ಹೊಸ ಷೇರು ಕೊಳ್ಳುವ ಹಕ್ಕು ಕೊಡುವ ಮಾರಾಟವನ್ನು, ಆರಂಭಿಸಿತು. ಸಾಮಾನ್ಯ ಷೇರಿಗೆ 340 ರೂಪಾಯಿ. ಹತ್ತು ಷೇರಿಗೆ ಒಂದೇ ಮತವಿದ್ದು ಲಾಭಾಂಶ ತುಸು ಹೆಚ್ಚಿರುವ ‘ಎ’ ಷೇರಿಗೆ 305 ರೂಪಾಯಿ. ಆದರೆ ನೀಡಿಕೆ ಮುಗಿಯುವ ಮೊದಲೇ ಪೇಟೆಯ ಬೆಲೆ ಹಕ್ಕಿನ ಬೆಲೆಗಿಂತ ಬಹಳ ಕೆಳಗೆ ಇಳಿಯಿತು. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಷೇರನ್ನು ಹೆಚ್ಚು ಕೊಟ್ಟು ಕೊಳ್ಳಲು ಸಾರ್ವಜನಿಕರು ಮುಂದೆ ಬರಲಿಲ್ಲ. ಉಳಿದುದರ ಬಹುಪಾಲನ್ನು ಪ್ರವರ್ತಕರು (ಕಂಪನಿಯ ನಿಯಂತ್ರಣ ಹೊಂದಿದವರು) ಮತ್ತು ಅಂಡರ್‌ರೈಟರ್ (ಮಾರಾಟವಾಗದ ಷೇರನ್ನು ಕೊಳ್ಳುವುದಾಗಿ ಒಪ್ಪಿಕೊಂಡ ಸಂಸ್ಥೆ) ಸೇರಿ ಹೊರಬೇಕಾಯಿತು. ಆದ್ದರಿಂದ ಹಿಂಜರಿತದಲ್ಲಿ ಹಕ್ಕಿನ ಬೆಲೆಯನ್ನು ಪೇಟೆಯ ಬೆಲೆಗಿಂತ ಸಾಕಷ್ಟು ಕೆಳಗೆ ನಿಗದಿಪಡಿಸಬೇಕು, ಮಾರಾಟವಾಗದ ಷೇರನ್ನು ಯಾರು ಕೊಳ್ಳುತ್ತಾರೆಂಬ ಲಿಖಿತ ಒಪ್ಪಂದವನ್ನು ಮೊದಲೇ ಮಾಡಿಕೊಳ್ಳಬೇಕು.

ಮೂರನೆಯದಾಗಿ, ಮುಖ್ಯ ವ್ಯವಹಾರಕ್ಕೆ ಬೇಡದ ಹೂಡಿಕೆಗಳನ್ನು ಮಾರಬಹುದು. ಬೆಲೆ ಕುಸಿದಾಗ ಇದರಿಂದ ಸಿಗುವುದು ಕಡಿಮೆ.

ನಾಲ್ಕನೆಯ ಹೆಜ್ಜೆಯೇ ನಿರ್ಣಾಯಕ: ಉಳಿದ ಅಲ್ಪಾವಧಿ ಸಾಲವನ್ನು ದೀರ್ಘಾವಧಿಗೆ ವರ್ಗಾಯಿಸುವುದು. 2009ರ ಮೇ ತಿಂಗಳಲ್ಲಿ ಕಂಪನಿಯು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಖಾತರಿಯೊಂದಿಗೆ ಬೇರೆಬೇರೆ ಅವಧಿಯ 4,200 ಕೋಟಿ ರೂಪಾಯಿಗಳ ಡಿಬೆಂಚರ್‌ಗಳನ್ನು (ಬಡ್ಡಿ ಕೊಡುವ ಸಾಲಪತ್ರಗಳು) ನೀಡಿತು, ಉಳಿದ ಬ್ರಿಡ್ಜ್ ಸಾಲದ ಅವಧಿಯನ್ನೂ ವಿಸ್ತರಿಸಿಕೊಂಡಿತು. ಬ್ಯಾಂಕುಗಳೊಂದಿಗಿನ ಇಂಥ ಮಾತುಕತೆಯನ್ನು ಗಡುವಿಗೆ ಆರು ತಿಂಗಳಾದರೂ ಮುಂಚೆ ಆರಂಭಿಸಬೇಕು. ಕಂತು ತಪ್ಪಿದ ಮೇಲೆ ಬಡ್ಡಿಯ ಜೊತೆಗೆ ಷರತ್ತುಗಳೂ ಬಿಗಿಯಾಗುತ್ತವೆ.

ಮಾರುಕಟ್ಟೆ ಚೇತರಿಸಿಕೊಂಡ ಕೂಡಲೇ ಮತ್ತೆ ಷೇರು ಬಂಡವಾಳಕ್ಕೆ ಮರಳಬೇಕು. 2009ರ ಅಕ್ಟೋಬರ್‌ನಲ್ಲಿ ವಿದೇಶಿ ಹೂಡಿಕೆದಾರರಿಂದ ಡೆಪಾಸಿಟರಿ ಷೇರು (ಕಂಪನಿಯ ಷೇರನ್ನು ಪ್ರತಿನಿಧಿಸಿ ವಿದೇಶದಲ್ಲಿ ಮಾರುವ ಪತ್ರ) ಮತ್ತು ಮುಂದೆ ಷೇರಾಗಿ ಬದಲಾಯಿಸಿಕೊಳ್ಳಬಹುದಾದ ಪರಿವರ್ತನೀಯ ಸಾಲಪತ್ರಗಳ ಮೂಲಕ ಒಟ್ಟು 75 ಕೋಟಿ ಡಾಲರ್ ಸಂಗ್ರಹವಾಯಿತು.

ಇಕ್ಕಟ್ಟಿನಲ್ಲಿ ಹುಟ್ಟಿದ ವಿಶೇಷ ಷೇರುಗಳನ್ನು ಮುಂದೆ ಹೇಗೆ ಹಿಂಪಡೆಯಬೇಕೆಂಬುದನ್ನು ಅವುಗಳನ್ನು ನೀಡುವಾಗಲೇ ಯೋಚಿಸಬೇಕು. ಪೇಟೆಯಲ್ಲಿ ವರ್ಷಗಟ್ಟಲೆ ಸಾಮಾನ್ಯ ಷೇರಿಗಿಂತ ಕಡಿಮೆ ಬೆಲೆಗೆ ಕೈಬದಲಾದ ‘ಎ’ ಷೇರುಗಳನ್ನು ರದ್ದುಪಡಿಸಿ, ಹತ್ತಕ್ಕೆ ಏಳರಂತೆ ಸಾಮಾನ್ಯ ಷೇರು ಕೊಟ್ಟದ್ದು 2024ರಲ್ಲಿ.