ಎಂಎಸ್ ಎಂದು ಬರೆಯುವ ಮೊದಲು ಒಂದು ವಂಶವೃಕ್ಷ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ) ಇರಬಹುದೆಂಬ ಫೈಲ್ ಹಿಡಿದು ಯಾರಾದರೂ ಬಂದರೆ, ಎಂಆರ್‌ಐಯಲ್ಲಿ ನಾನು ಮೊದಲು ನೋಡುವುದು ಕಲೆಗಳು ಎಡಬಲ ಒಂದೇ ಸಮ ಇವೆಯೇ ಎಂದು. ಎಂಎಸ್‌ನವು ಅಲ್ಲೊಂದು ಇಲ್ಲೊಂದು ಚೆದುರಿರುತ್ತವೆ. ಬೆನ್ನುಹುರಿಯಲ್ಲಿ ಸಾಮಾನ್ಯವಾಗಿ ಬೆನ್ನುಮೂಳೆಯ ಎರಡು ಮಣಿಗಳ ಉದ್ದಕ್ಕಿಂತ ಚಿಕ್ಕವು. ಕಲೆಗಳು ಎರಡೂ ಕಡೆ ಸಮನಾಗಿದ್ದರೆ, ಕಾಯಿಲೆ ಬಿಟ್ಟು ಬಿಟ್ಟು ಬರದೆ ಏರುತ್ತಲೇ ಇದ್ದರೆ, ಎಂಎಸ್‌ನಲ್ಲಿ ಬೆನ್ನುನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಪ್ರೋಟೀನ್ ಪಟ್ಟಿಗಳು (ಆಲಿಗೋಕ್ಲೋನಲ್ ಬ್ಯಾಂಡ್) ಸಿಗದಿದ್ದರೆ, ಪೆನ್ನು ತೆಗೆದು ವಂಶವೃಕ್ಷ ಬರೆಯತೊಡಗುತ್ತೇನೆ.

“ನೀವೂ ಯಜಮಾನ್ರೂ ಮೊದಲೇ ಸಂಬಂಧವಾ ಅಮ್ಮಾ?”

“ಹೂಂ ಸಾರ್, ನಮ್ಮ ಸೋದರಮಾವನೇ.”

ದಕ್ಷಿಣ ಕರ್ನಾಟಕದಲ್ಲಿ ಈ ಉತ್ತರ ಅಪರೂಪವಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಒಂದೇ ದೋಷದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಮಗನಿಗೆ ಕಣ್ಣು ಮಂಜಾಗಿ, ಕಾಲು ಸೆಟೆದುಕೊಂಡು, ಕುತ್ತಿಗೆಯ ಭಾಗದ ಬೆನ್ನುಹುರಿಯಲ್ಲಿ ಉದ್ದನೆಯ ಕಲೆಯೂ ಇದ್ದರೆ ನಾನು ಬಯೋಟಿನಿಡೇಸ್ ಕೊರತೆಯನ್ನು ಹುಡುಕಿಯೇ ತೀರುತ್ತೇನೆ. ಬಯೋಟಿನ್ ವಿಟಮಿನ್ನನ್ನು ದೇಹ ಮತ್ತೆ ಮತ್ತೆ ಬಳಸಲು ಬೇಕಾದ ಕಿಣ್ವ ಅದು. ಕೂದಲು ಉದುರುವುದು, ಚರ್ಮದ ಗಂಧೆ, ಕಿವಿ ಮಂದವಾಗುವುದು ಸುಳಿವುಗಳು. ಆದರೆ ದೊಡ್ಡ ಮಕ್ಕಳಲ್ಲಿ ಇವು ಯಾವುವೂ ಇಲ್ಲದಿರಬಹುದು. ಸ್ಟಿರಾಯ್ಡ್‌ಗೆ ಸ್ವಲ್ಪ ಸುಧಾರಿಸಿದಂತೆ ಕಂಡರೂ ನಾನು ಅದನ್ನು ಎಂಎಸ್‌ಗೆ ಸಾಕ್ಷಿ ಎಂದು ಎಣಿಸುವುದಿಲ್ಲ.

ರಕ್ತ ಕಳಿಸುವಾಗ ಎಚ್ಚರ ಬೇಕು. ನಮ್ಮ ಬಿಸಿಲಲ್ಲಿ ಸ್ಯಾಂಪಲ್ ದಾರಿಯಲ್ಲಿ ಬೆಚ್ಚಗಾದರೆ ಕಿಣ್ವ ಕೆಡುತ್ತದೆ, ಇಲ್ಲದ ಕೊರತೆ ವರದಿಯಲ್ಲಿ ಕಾಣುತ್ತದೆ. ಅದಕ್ಕೇ ಸೀರಮ್ಮನ್ನು (ರಕ್ತದ ತಿಳಿಭಾಗ) ಬೇಗ ಬೇರ್ಪಡಿಸಿ, ಫ್ರೀಜ್ ಮಾಡಿಸಿ, ಹೋಲಿಸಿ ನೋಡಲು ಸಂಬಂಧಿಕರಲ್ಲದ ಆರೋಗ್ಯವಂತರೊಬ್ಬರ ಸ್ಯಾಂಪಲ್ಲನ್ನೂ ಜೊತೆಗೆ ಕಳಿಸುತ್ತೇನೆ. ವರದಿಗೆ ಕಾಯದೆ ಬಯೋಟಿನ್ ಮಾತ್ರೆ ಶುರು ಮಾಡುತ್ತೇನೆ. ಅದರಿಂದ ಈ ಪರೀಕ್ಷೆಯ ಫಲಿತಾಂಶ ಕೆಡುವುದಿಲ್ಲ. ಬೆಲೆಯೂ ಕಡಿಮೆ. ತಡವಾದಷ್ಟೂ ಕಣ್ಣು, ಕಾಲು ಪೂರ್ತಿ ಮರಳುವುದು ಕಷ್ಟ, ಹೋದ ಕಿವಿಯಂತೂ ಸಾಮಾನ್ಯವಾಗಿ ಬರುವುದಿಲ್ಲ. ಇಂಥ ಮಗುವಿಗೆ ವರ್ಷಗಟ್ಟಲೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಡುವುದನ್ನು ನೆನೆದರೇ ಸಂಕಟವಾಗುತ್ತದೆ.

ಇನ್ನೆರಡು ಪ್ರಶ್ನೆ ಬಿಡುವುದಿಲ್ಲ. ಚಿಕ್ಕಂದಿನಲ್ಲೇ ಕಣ್ಣಿನ ಪೊರೆ, ದೀರ್ಘಕಾಲದ ಭೇದಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ ಗಂಟು ಇದ್ದವೇ? ಹಾಗಿದ್ದರೆ ಸೆರೆಬ್ರೋಟೆಂಡಿನಸ್ ಕ್ಸಾಂಥೊಮಟೋಸಿಸ್ ಎಂಬ, ಕೊಬ್ಬಿನಂಥ ವಸ್ತು ಮೈಯಲ್ಲಿ ಕೂಡಿಕೊಳ್ಳುವ ಆನುವಂಶಿಕ ಕಾಯಿಲೆ ಇರಬಹುದು; ರಕ್ತದಲ್ಲಿ ಕೊಲೆಸ್ಟನಾಲ್ ಎಂಬ ಆ ವಸ್ತುವನ್ನು ನೋಡಬೇಕು, ಕೊಲೆಸ್ಟೆರಾಲ್ ಸಾಲದು. ಕಾಲು ಬಿಗಿಯುವ ಹೆಂಗಸಿನ ಅಣ್ಣತಮ್ಮಂದಿರಿಗೆ, ಸೋದರಮಾವನಿಗೆ ಮೈ ಕಪ್ಪಾಗಿ ಸುಸ್ತಾಗುತ್ತಿತ್ತೇ? ಆಗ ಅಡ್ರಿನೋಲ್ಯುಕೋಡಿಸ್ಟ್ರಫಿಯನ್ನು ನೆನೆಯುತ್ತೇನೆ: ಕೆಲವು ಕೊಬ್ಬಿನಾಮ್ಲಗಳು ಕರಗದೆ ಕೂಡಿಕೊಂಡು ನರಗಳನ್ನೂ ಅಡ್ರಿನಲ್ ಗ್ರಂಥಿಯನ್ನೂ ಕೆಡಿಸುವ ಆನುವಂಶಿಕ ಕಾಯಿಲೆ ಅದು. ಹೆಂಗಸರಲ್ಲಿ ಕೊಬ್ಬಿನಾಮ್ಲದ ಪರೀಕ್ಷೆ ಸರಿ ಬಂದರೂ ಜೀನ್ ಪರೀಕ್ಷೆ ಮಾಡಿಸುತ್ತೇನೆ.

ಬಯೋಟಿನಿಡೇಸ್ ಕೊರತೆ ಖಚಿತವಾದ ಮನೆಯಲ್ಲಿ ಒಡಹುಟ್ಟಿದವರನ್ನೂ ಕೂಡಲೇ ಪರೀಕ್ಷಿಸಿ. ಪ್ರತಿಯೊಬ್ಬರಿಗೂ ಶೇ. 25ರಷ್ಟು ಸಾಧ್ಯತೆ ಇದೆ. ಲಕ್ಷಣ ಕಾಣುವ ಮೊದಲೇ ಮಾತ್ರೆ ಶುರುವಾದ ಮಗು ಚೆನ್ನಾಗಿಯೇ ಬೆಳೆಯುತ್ತದೆ.